ಇಂಗುಬಾವಿಯ ಉಪ್ಪು

“ಉಪ್ಪು ಕಣಮ್ಮ, ಉಪ್ಪು! ಎಷ್ಟು ಸಲ ಹೇಳ್ಲಿ?”

ಫೋನಿನಲ್ಲಿ ಡಾಕ್ಟರು ರೇಗಿದರು. ಗೊಲ್ಲಕುಂಟೆ ಕೆರೆಯಂಚಿನಲ್ಲಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಕವಿತ ಮಾತ್ರ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದಳು. ಕೇಳಿದ್ದು ನಿಜವೋ ಸುಳ್ಳೋ ಅವಳಿಗೇ ತಿಳಿಯಲಿಲ್ಲ.

“ಸರ್, ಅಚ್ಯುತ್ ಸತ್ತಿದ್ದು ಮಳೆ ನೀರಲ್ಲಿ ಮುಳುಗಿ ಅಲ್ವಾ?”

“ಮುಳುಗಿದ್ದು ಹೌದು. ಮಳೆ ನೀರಲ್ಲಲ್ಲ. ಶ್ವಾಸಕೋಶದಲ್ಲಿದ್ದ ನೀರನ್ನ ಲ್ಯಾಬಿನವರು ಎರಡೆರಡು ಸಲ ನೋಡಿದ್ರು. ಸಮುದ್ರದ ನೀರು ಅಂದ್ರೂ ನಂಬಬೇಕು, ಅಷ್ಟು ಉಪ್ಪಿದೆ. ತಲೆ ಹಿಂದೆ ಏಟೂ ಬಿದ್ದಿದೆ. ಇನ್ನು ನಿಮ್ಮ ಕೆಲಸ.”

ಫೋನು ಕಟ್ಟಾಯಿತು.

ಅಲ್ಲ, ಶಿಡ್ಲಘಟ್ಟದ ಸಾದಲಿ ಹೋಬಳಿಯೆಲ್ಲಿ, ಸಮುದ್ರವೆಲ್ಲಿ! ಈ ಕಡೆಯವರು ಸಮುದ್ರ ನೋಡಬೇಕೆಂದರೆ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಸೊಂಟ ನೋಯಿಸಿಕೊಳ್ಳಬೇಕು. ಇಲ್ಲಿ ಒಬ್ಬ ಹುಡುಗ ಉಪ್ಪು ನೀರಿನಲ್ಲಿ ಮುಳುಗಿ ಸತ್ತ ಎಂದರೆ ಯಾರು ತಾನೇ ನಂಬುತ್ತಾರೆ?

ಅವಳ ಮುಂದೆಯೇ ಆ ಇಂಗುಬಾವಿ ಬಾಯಿ ತೆರೆದುಕೊಂಡಿತ್ತು. ಇದನ್ನು ಕಟ್ಟಿಸಿದ ಇಂಜಿನಿಯರ್ ಅಚ್ಯುತ್‌ನ ಹೆಣ ನಿನ್ನೆ, ಸೋಮವಾರ ಬೆಳಿಗ್ಗೆ, ಇದರಲ್ಲೇ ತೇಲಿತ್ತು. ಅಂದು ಸಂಜೆಗೆ ಕೆರೆಯ ನೀರು ಬಿಡುವ ನೀರಗಂಟಿ ಮುನೇಶನ ಕೈಗೆ ಬೇಡಿ ಬಿದ್ದಿತ್ತು.

ಇಂಗುಬಾವಿಯೆಂದರೆ ನಾವು ನೀರು ಸೇದುವ ಬಾವಿಯಲ್ಲ, ಭೂಮಿಗೆ ನೀರು ಕುಡಿಸುವ ಬಾವಿ. ಗುಡ್ಡದ ಮೇಲೂ ಊರ ಬೀದಿಯಲ್ಲೂ ಬಿದ್ದ ಮಳೆ ಕಾಲುವೆ ಹಿಡಿದು ಬರಬೇಕು, ಗೇಟು ಎತ್ತಿದರೆ ಜರಡಿ ದಾಟಿ ಈ ಸಿಮೆಂಟ್ ರಿಂಗಿನೊಳಗೆ ಬೀಳಬೇಕು. ತಳದ ಜಲ್ಲಿ ಮರಳಿನಲ್ಲಿ ಸೋಸಿಕೊಂಡು, ನಡುವಿನ ಕೊಳವೆಯಲ್ಲಿಳಿದು ಬಂಡೆಯ ಬಿರುಕು ಸೇರಬೇಕು. ಬತ್ತಿದ ಬೋರ್‌ವೆಲ್‌ಗಳಿಗೆ ಮತ್ತೆ ಜೀವ ಬರಲಿ ಎಂದು ಅಚ್ಯುತ್ ಮಾಡಿದ ಕೆಲಸವಿದು.

ಭಾನುವಾರ ಸಂಜೆ ಕತ್ತಲಾದ ಮೇಲೆ ಆ ಮಳೆ ಬಿತ್ತಲ್ಲ, ಆಗ ಗೇಟು ಎತ್ತಿದವನು ಮುನೇಶ. ಹಿಂದಿನ ದಿನವಷ್ಟೇ ಟೀ ಅಂಗಡಿ ಮುಂದೆ ಅಚ್ಯುತ್ ಜೊತೆ ಜಗಳ ಕಾದಿದ್ದವನೂ ಅವನೇ. ಗೇಟಿನ ಬೀಗದ ಕೈ ಇರುವುದೂ ಅವನ ಹತ್ತಿರವೇ. ಬಾವಿಗಿಳಿದು ಜರಡಿ ನೋಡುತ್ತಿದ್ದ ಇಂಜಿನಿಯರ್ ಮೇಲೆ ಬೇಕೆಂದೇ ನೀರು ಬಿಟ್ಟ ಎಂದು ಠಾಣೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಮಹಜರಿಗೆಂದು ಕರೆತಂದಿದ್ದ ಮುನೇಶ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಕವಿತ ಹತ್ತಿರ ಹೋದ ಕೂಡಲೇ ಬಡಬಡಿಸಿದ.

“ಮೇಡಂ, ಗೇಟ್ ಎತ್ತಿದ್ದು ನಾನೇ. ಇಲ್ಲ ಅಂತ ಯಾವತ್ತಾದ್ರೂ ಅಂದಿದೀನಾ? ಮಳೆ ಬಂದ್ರೆ ಎತ್ಬೇಕು, ನಮ್ಮ ತಾತನ ಕಾಲದಿಂದ ಅದೇ ನಮ್ಮ ಕೆಲ್ಸ. ಒಳಗೆ ಮನುಷ್ಯ ಅವ್ನೆ ಅಂತ ನಂಗೇನು ಕನಸು ಬಿದ್ದಿತ್ತಾ?”

“ಜಗಳ ಯಾಕಾಡಿದ್ರಿ?”

“ಬಾವಿ ವಾಸನೆ ಬರ್ತೈತೆ, ರಾತ್ರಿ ಕಾವಲಿರು ಅಂದ್ರು. ಸಂಬ್ಳ ಯಾರು ಕೊಡ್ತಾರೆ ಅಂತ ನಾನಂದೆ. ಅಷ್ಟೇ ಮೇಡಂ. ನಮ್ಮಮ್ಮನಿಗೆ ಹೇಳಿ, ಊಟ ಮಾಡು ಅಂತ.”

ಅವನ ತಾಯಿ ಚಿಕ್ಕವೆಂಕಟಮ್ಮ ನಿನ್ನೆಯಿಂದ ಠಾಣೆಯ ಗೇಟಿನ ಬಳಿ ಕೂತವಳು ಎದ್ದಿರಲಿಲ್ಲ. ಯಾರೋ ಕೊಟ್ಟ ಬನ್ನು ಸೆರಗಿನಲ್ಲಿ ಹಾಗೇ ಇತ್ತು.

ಮಳೆ ಶುರುವಾಗಿದ್ದೇ ಕತ್ತಲಾದ ಮೇಲೆ. ಮಳೆ ನೀರು ಉಪ್ಪಲ್ಲ. ಹುಡುಗ ಉಪ್ಪು ನೀರಿನಲ್ಲಿ ಸತ್ತಿದ್ದಾನೆಂದರೆ ಮುನೇಶ ಗೇಟು ಎತ್ತುವ ಮೊದಲೇ ಸತ್ತಿದ್ದಾನೆ! ಅವಳು ತಕ್ಷಣ ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು.

“ಉಪ್ಪು ಗಿಪ್ಪು ಎಲ್ಲ ಆಮೇಲಮ್ಮ,” ಎಂದರು ಅವರು. “ಬೇರೆ ಆಸಾಮಿ ಸಿಕ್ಕಿದ್ರೆ ಕರ್ಕೊಂಡು ಬಾ. ಇಲ್ದಿದ್ರೆ ಸಂಜೆಯೊಳಗೆ ಇವನನ್ನೇ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸು. ಕೊಲೆ ಕೇಸು, ಜಾಮೀನು ಮರೆತುಬಿಡು.”

ಸಂಜೆಯೊಳಗೆ! ಆಗಲೇ ಮಧ್ಯಾಹ್ನ ಆಗಿತ್ತು.

“ಮೇಡಂ, ಇಲ್ಲಿ ಸ್ವಲ್ಪ ನೋಡಿ.”

ಕರೆದವಳು ಮಹತಿ. ಮಂಗಳೂರಿನ ನೀರಿನ ಇಂಜಿನಿಯರ್. ಇಲ್ಲಿಗೆ ಬರುವ ಮೊದಲು ಅಚ್ಯುತ್ ಕೆಲಸ ಮಾಡಿದ್ದು ಅವಳ ಜೊತೆಯಲ್ಲೇ. ಸಾವಿನ ಸುದ್ದಿ ಕೇಳಿ ನಿನ್ನೆ ಸಂಜೆ ಬಂದಿಳಿದವಳು, ಅತ್ತು ಕಣ್ಣು ಕೆಂಪಾಗಿದ್ದರೂ ತಾನಾಗಿ ಸಹಾಯಕ್ಕೆ ನಿಂತಿದ್ದಳು. ಈ ಕಡೆ ಬಂದದ್ದೇ ಮೊದಲ ಸಲವಂತೆ. ಅವಳು ಹಾಕಿದ್ದ ಸೆಂಟಿನ ಘಮ ಬೆಳಿಗ್ಗೆಯಿಂದ ಜೀಪಿನಲ್ಲೆಲ್ಲ ತುಂಬಿಕೊಂಡಿತ್ತು.

ಬಾವಿಯ ಬಾಯಿಗೆ ಅರ್ಧ ಮುಚ್ಚಿದ್ದ ಕಲ್ಲುಚಪ್ಪಡಿಯ ಅಡಿಗೆ ಮಹತಿ ಟಾರ್ಚು ಬಿಟ್ಟಳು. ಮಳೆ ತಾಗದ ಆ ಮೂಲೆಯಲ್ಲಿ ಬೆಳ್ಳಗೆ ಏನೋ ಹಕ್ಕಳೆ ಕಟ್ಟಿತ್ತು. ಅಲ್ಲಲ್ಲಿ ನೀಲಿ ಕಲೆ.

“ಉಪ್ಪು ಇದು ಮೇಡಂ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ಉಂಟಲ್ಲ, ಬಣ್ಣ ಕಚ್ಚಬೇಕಾದರೆ ಮೂಟೆ ಮೂಟೆ ಉಪ್ಪು ಸುರಿಯುತ್ತಾರೆ. ಆ ಗಲೀಜು ನೀರನ್ನು ಶುದ್ಧ ಮಾಡುವುದಕ್ಕೆ ಖರ್ಚು ಜಾಸ್ತಿ. ಟ್ಯಾಂಕರಿನಲ್ಲಿ ತಂದು ಇಂಥ ಬಾವಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.”

“ಕುಡಿಯೋ ನೀರಿಗೆ?” ಕವಿತಳ ದನಿ ಏರಿತು. “ಮೂರೂರಿನ ಬೋರ್‌ವೆಲ್ ಇದೇ ನೀರಿಗೆ ಕಾಯ್ತಿವೆಯಲ್ರೀ!”

“ನಮ್ಮ ಊರಿನಲ್ಲಿ ಮಳೆ ನೀರನ್ನು ನೆಲಕ್ಕೆ ಇಳಿಸುವುದೇ ಸಮುದ್ರವನ್ನು ಹಿಂದೆ ತಳ್ಳಲಿಕ್ಕೆ. ಬಿದ್ದ ಮಳೆಯನ್ನೆಲ್ಲ ಚರಂಡಿಯಲ್ಲಿ ಕಡಲಿಗೆ ಬಿಟ್ಟು, ನೆಲದ ಅಡಿಯ ಸಿಹಿ ನೀರನ್ನು ಎಳೆಯುತ್ತಾ ಹೋದರೆ ಆ ಖಾಲಿ ಜಾಗಕ್ಕೆ ಉಪ್ಪು ನೀರು ನುಗ್ಗುತ್ತದೆ. ಬಾವಿ ಉಪ್ಪಾದರೆ ನಾವು ಕಡಲನ್ನು ಬೈಯುತ್ತೇವೆ. ಇಲ್ಲಿ ಕಡಲಿಲ್ಲ. ಯಾರೋ ತಂದು ಸುರಿದದ್ದೇ. ಅಚ್ಯುತ್‌ಗೆ ಅದು ಗೊತ್ತಾಗಿರಬೇಕು.”

ಅವಳು ಕಣ್ಣೊರೆಸಿಕೊಂಡು ಸುತ್ತ ನೋಡಿದಳು. “ಟ್ಯಾಂಕರ್ ಇಲ್ಲಿಯವರೆಗೆ ಬರಬೇಕಾದರೆ ಯಾರ ತೋಟ ದಾಟಬೇಕು ಮೇಡಂ?”

ಕವಿತ ತಿರುಗಿ ನೋಡಿದಳು. ಕೆರೆಗೆ ಬರುವ ಗಾಡಿದಾರಿ ಒಂದೇ. ಅದು ಚೆನ್ನರಾಯಪ್ಪನ ಹಿಪ್ಪುನೇರಳೆ ತೋಟದ ನಡುವೆ ಹಾದು ಬರುತ್ತಿತ್ತು. ಅಲ್ಲಿಗೊಂದು ಕಬ್ಬಿಣದ ಗೇಟು, ಗೇಟಿಗೆ ಹಗಲು ರಾತ್ರಿ ಬೀಗ. ಆಸಾಮಿ ಕೆರೆ ಸಂಘದ ಅಧ್ಯಕ್ಷ ಬೇರೆ!

“ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಮೇಡಂ,” ಎಂದ ಹೆಡ್ ಕಾನ್‌ಸ್ಟೇಬಲ್ ಕೋನಪ್ಪ. “ಹೋಗ್ಲಿ ಬಿಡಿ. ಉಪ್ಪು ತಿಂದೋನು ನೀರು ಕುಡೀಲೇಬೇಕು.”

ಜೀಪು ಚೆನ್ನರಾಯಪ್ಪನ ಮನೆಯ ಮುಂದೆ ನಿಂತಿತು. ಕೆರೆ ಏರಿ ಅಲ್ಲಿಂದ ಕೂಗಳತೆ. ಭಾನುವಾರದ ಮಳೆಗೆ ಕೆರೆ ತುಂಬಿ ಅಂಚಿನವರೆಗೂ ಕೆಂಪು ನೀರು ನಿಂತಿತ್ತು. ಕವಿತ ಇಳಿಯುವ ಮುನ್ನ ಮುನೇಶನ ಬೇಡಿಯ ಒಂದು ಕೊಂಡಿಯನ್ನು ಜೀಪಿನ ಕಂಬಿಗೆ ಸಿಕ್ಕಿಸಿ ಬೀಗ ಹಾಕಿದಳು. ಅವಳಿಗೆ ಮನಸ್ಸಿರಲಿಲ್ಲ. ಆದರೆ ಕೊಲೆ ಆರೋಪಿ ತಪ್ಪಿಸಿಕೊಂಡರೆ ಅವಳ ಕೆಲಸಕ್ಕೇ ಸಂಚಕಾರ.

“ಸ್ವಲ್ಪ ಹೊತ್ತು ತಡ್ಕೋ ಮುನೇಶ. ಇವತ್ತೇ ನಿನ್ನ ಮನೆಗೆ ಕಳಿಸ್ತೀನಿ.”

“ನಿಜವಾಗ್ಲೂ ಮೇಡಂ?”

“ನಿಜವಾಗ್ಲೂ.”

ಹಾಗೆಂದು ಮಾತು ಕೊಟ್ಟು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಳು. “ಕೋನಪ್ಪನವರೆ, ನೀವು ಇಲ್ಲೇ ಇರಿ. ಮಹತಿ, ನೀವು ಬನ್ನಿ. ನೀರಿನ ವಿಷಯ ಬಂದ್ರೆ ನೀವೇ ಹೇಳ್ಬೇಕು.”

ಮಹತಿ ಕದಲಲಿಲ್ಲ. “ಬೇಡ ಮೇಡಂ, ನಾನು ಇಲ್ಲೇ ಕೂತಿರುತ್ತೇನೆ. ಸೆಂಟ್ ಹಾಕಿದ್ದೇನೆ ನೋಡಿ, ಹುಳುಗಳಿಗೆ ಆಗುವುದಿಲ್ಲವಲ್ಲ.”

ಹೌದಲ್ಲ, ಎಂದುಕೊಂಡಳು ಕವಿತ. ರೇಷ್ಮೆ ಹುಳು ಸಾಕುವ ಮನೆಗೆ ಸೆಂಟು ಹಾಕಿಕೊಂಡು ಹೋಗಬಾರದು, ಬೀಡಿ ಸೇದಿ ಹೋಗಬಾರದು, ಕಾಲು ತೊಳೆಯದೆ ಹೋಗಬಾರದು. ಮೇಲೂರಿನ ಹುಳುಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಅದು ಅನ್ನ ಉಣ್ಣುವಷ್ಟು ಸಹಜವಾದ ಮಾತು. ಸೂಕ್ಷ್ಮ ಬಲ್ಲ ಹುಡುಗಿ ಎಂದು ಮನಸ್ಸಿನಲ್ಲೇ ಮೆಚ್ಚಿ ಮುಂದೆ ನಡೆದಳು.

ಚೆನ್ನರಾಯಪ್ಪ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ. ಕವಿತಳನ್ನು ಕಂಡದ್ದೇ ನಗೆ ಹಬ್ಬಿತು.

“ಬಾಮ್ಮ ಕವಿತಮ್ಮ, ಬಾ! ಮೇಲೂರು ಮುನಿಶಾಮಪ್ಪನ ಮಗಳು ನಮ್ಮನೆ ಬಾಗ್ಲಿಗೆ ಬರೋಕೆ ಊರಲ್ಲೊಂದು ಹೆಣ ಬೀಳ್ಬೇಕಾಯ್ತು ನೋಡು. ನಿಮ್ಮಪ್ಪ, ನಾನು ಒಂದೇ ಸಂತೇಲಿ ರೇಷ್ಮೆ ಗೂಡು ಮಾರಿದೋರು. ಮಾವ ಅನ್ನಬೇಕು ನೀನು ನಂಗೆ. ಕಾಫಿ ಕುಡೀತೀಯಾ?”

“ಬೇಡ ಚೆನ್ನರಾಯಪ್ಪನವರೆ. ಭಾನುವಾರ ಸಂಜೆ ಎಲ್ಲಿದ್ರಿ?”

ನಗೆ ಸ್ವಲ್ಪ ಸಣ್ಣದಾಯಿತು. “ಇನ್ನೆಲ್ಲಿರ್ತೀನಿ? ಹುಳುಮನೇಲಿ. ಬಿಸ್ಲು ಇಳಿದಾಗಿಂದ ಮಳೆ ನಿಲ್ಲೋವರ್ಗೂ ಹುಳಕ್ಕೆ ಸೊಪ್ಪು ಹಾಕ್ತಾ ಇದ್ದೆ. ಆ ಕಡೆ ತಲೆ ಹಾಕಿದ್ರೆ ಕೇಳು.”

“ಯಾರಾದ್ರೂ ನೋಡಿದೋರಿದಾರಾ?”

“ನಮ್ಮ ಮನೆಯೋಳಿದ್ಲಲ್ಲ. ಅವಳನ್ನೇ ಕೇಳು.”

“ಕೇಳ್ತೀನಿ. ಹುಳುಮನೇಲಿದಾರಾ?”

ಆಸಾಮಿ ತಟ್ಟನೆ ಎದ್ದು ಅಡ್ಡ ಬಂದ. “ಈಗ್ಬೇಡಮ್ಮ. ಹುಳ ದೊಡ್ಡವಾಗವೆ. ಹೊರಗಿನೋರ ಗಾಳಿ ತಗುಲಬಾರ್ದು.”

“ನಾನು ಹೊರಗಿನೋಳಲ್ಲ ಬಿಡಿ, ನೀವೇ ಹೇಳಿದ್ರಲ್ಲ.”

ಹಿತ್ತಲಿನ ಹುಳುಮನೆಯ ಹೊಸ್ತಿಲಲ್ಲಿ ಅವಳು ಬೂಟು ಬಿಚ್ಚಿದಳು. ಬ್ಲೀಚಿಂಗ್ ಪುಡಿ ಕದಡಿದ ತೊಟ್ಟಿಯಲ್ಲಿ ಕಾಲದ್ದಿ, ಕೈ ತೊಳೆದು, ಸೊಳ್ಳೆ ಪರದೆ ಸರಿಸಿ ಒಳಗೆ ಕಾಲಿಟ್ಟಳು. ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು.

ಸದ್ದೇ ಇರಲಿಲ್ಲ!

ಹುಳು ಸಾಕಿದವರಿಗೆ ಇದರ ಭಯ ಗೊತ್ತು. ಗೂಡು ಕಟ್ಟುವ ಮೊದಲಿನ ಆ ಕಡೆಯ ವಾರದಲ್ಲಿ ಹುಳುಗಳಿಗೆ ಬಕಾಸುರನ ಹಸಿವು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸೋನೆ ಮಳೆ ಬಿದ್ದಂತೆ ಸದ್ದಾಗುತ್ತದೆ. ಇಲ್ಲಿ ಉದ್ದಕ್ಕೂ ಅಟ್ಟಣೆಗಳ ಮೇಲೆ ಸೊಪ್ಪು ಹಾಗೇ ಬಿದ್ದಿತ್ತು. ಹುಳುಗಳು ತಲೆ ಎತ್ತಿಕೊಂಡು ಅಲುಗಾಡದೆ ಕೂತಿದ್ದವು. ಎಷ್ಟೋ ಹುಳುಗಳ ಬಾಯಿಂದ ಹಸಿರು ನೀರು ಒಸರಿತ್ತು.

ಮೂಲೆಯಲ್ಲಿ ಚೆನ್ನರಾಯಪ್ಪನ ಹೆಂಡತಿ ಆಂಜಿನಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಆಂಧ್ರದ ಗಡಿಯ ಹೆಣ್ಣುಮಗಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಏನಾಯ್ತಕ್ಕಾ?” ಕವಿತಳ ಬಾಯಿಂದ ಪೊಲೀಸಿನ ಮಾತೇ ಹೊರಡಲಿಲ್ಲ.

“ಅಯ್ಯೋ ದೇವುಡಾ, ಏನಂತ ಹೇಳ್ಲಮ್ಮ! ನಿನ್ನೆ ಮಧ್ಯಾಹ್ನ ಪೊರೆ ಬಿಟ್ಟು ಕಳೆಕಳೆಯಾಗಿ ಎದ್ದೋ. ನಾಲ್ಕನೇ ಜ್ವರ ಕಳೀತು, ಇನ್ನು ಗೆದ್ದೆ ಅಂದ್ಕೊಂಡೆ. ಸೊಪ್ಪು ಹಾಕಿದ್ರೆ ಎರಡು ಸಲ ಕಚ್ಚಿ ಬಿಟ್ಬಿಟ್ಟೋ. ಈಗ ವಾಂತಿ ಮಾಡ್ಕೊಂತಾವೆ. ನನ್ನ ಕೈಯಾರೆ ಸಾಕಿದ್ದು ಕಣಮ್ಮ, ನನ್ನ ಕಣ್ಮುಂದೆನೇ ಹೋಗ್ತಾವೆ.”

ಕವಿತ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದಳು. ಅಂಚು ಸುತ್ತಲೂ ಕಂದಿ ಸುಟ್ಟಂತಾಗಿತ್ತು.

“ತೋಟಕ್ಕೆ ನೀರೆಲ್ಲಿಂದು?”

“ನಮ್ಮ ಬೋರ್‌ವೆಲ್ಲೇ. ಕೆರೆ ಪಕ್ಕದ್ದು. ಯುಗಾದಿ ಆದಾಗಿಂದ ಒಂಥರಾ ಬರ್ತೈತೆ. ಆ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಇವರ್ಗೆ ಹೇಳಿದ್ರೆ, ಏಯ್ ಸುಮ್ನಿರೇ ಅಂತಾರೆ.”

ಕವಿತ ಮೆಲ್ಲಗೆ ಹಿಂದೆ ತಿರುಗಿದಳು. ಬಾಗಿಲಲ್ಲಿ ಚೆನ್ನರಾಯಪ್ಪ ನಿಂತಿದ್ದ. ಅವನ ಕಣ್ಣು ಹುಳುಗಳ ಮೇಲಿತ್ತು. ಹೆಂಡತಿ ಹೇಳಿದ್ದು ಅವನ ತಲೆಗೆ ಈಗಷ್ಟೇ ಇಳಿಯುತ್ತಿದ್ದಂತಿತ್ತು.

“ಅರ್ಥ ಆಯ್ತಾ ಚೆನ್ನರಾಯಪ್ಪನವರೆ? ಇಂಗುಬಾವಿಗೆ ಟ್ಯಾಂಕರ್‌ಗಟ್ಟಲೆ ಬಣ್ಣದ ಕಾರ್ಖಾನೆ ಉಪ್ಪು ನೀರು ಬಿಡಿಸಿದ್ರಲ್ಲ, ಅದು ಬಂಡೆ ಬಿರುಕಲ್ಲಿ ಎಲ್ಲಿಗೆ ಹೋಯ್ತು ಅಂದ್ಕೊಂಡ್ರಿ? ಪಕ್ಕದಲ್ಲೇ ನಿಮ್ಮ ಬೋರ್‌ವೆಲ್ ಬಾಯ್ಬಿಟ್ಕೊಂಡು ಎಳೀತಾ ಇತ್ತು. ನೀವೇ ನಿಮ್ಮ ಹುಳಕ್ಕೆ ಉಣಿಸಿದ್ರಿ.”

“ಸುಳ್ಳು!” ಅವನು ಅರಚಿದ. “ಕೆಳಕ್ಕೆ ಹೋದ ನೀರು ಮತ್ತೆ ಮೇಲಕ್ಕೆ ಬರಲ್ಲ, ಪಾತಾಳದಲ್ಲಿ ಕರಗೋಗ್ತದೆ ಅಂತ ಅಂದಿದ್ರು...”

ಅಂದವನು ನಾಲಿಗೆ ಕಚ್ಚಿಕೊಂಡ. ಆದರೇನು, ಬಾಯಿಂದ ಬಿದ್ದ ಮಾತು ಬಿದ್ದಾಗಿತ್ತು.

“ಯಾರು ಅಂದಿದ್ದು?”

ಅವನು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

ಕವಿತ ಅವನನ್ನು ಬಿಟ್ಟು ಆಂಜಿನಮ್ಮನ ಪಕ್ಕದಲ್ಲಿ ಕೂತಳು. “ಅಕ್ಕಾ, ಒಂದೇ ಒಂದು ಕೇಳ್ತೀನಿ. ಭಾನುವಾರ ಸಂಜೆ ನಿಮ್ಮ ಯಜಮಾನ್ರು ಇಲ್ಲಿ ಹುಳಕ್ಕೆ ಸೊಪ್ಪು ಹಾಕ್ತಿದ್ರಂತೆ. ಹೌದಾ?”

ಆಂಜಿನಮ್ಮ ಗಂಡನ ಮುಖ ನೋಡಿದಳು. ಕಣ್ಣಿನಲ್ಲೇ ಅವನು ಏನೋ ಸನ್ನೆ ಮಾಡಿದ. ಪಾಪ, ಹೆಂಗಸು ಹೌದು ಎನ್ನಲೆಂದೇ ಬಾಯಿ ತೆರೆದಳು. ಆದರೆ ಮೂವತ್ತು ವರ್ಷ ಹುಳು ಸಾಕಿದ ಬಾಯಿ ಅದು, ಒಪ್ಪಲಿಲ್ಲ.

“ಭಾನುವಾರ ಸಂಜೆನಾ? ಜ್ವರಕ್ಕೆ ಕೂತ ಹುಳಕ್ಕೆ ಯಾವನಾದ್ರೂ ಸೊಪ್ಪು ಹಾಕ್ತಾನಾ!”

ಅಷ್ಟೇ ಸಾಕಿತ್ತು.

ಹುಳು ಪೊರೆ ಬಿಡುವ ಕಾಲಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಒಂದು ಹಗಲು, ಒಂದು ರಾತ್ರಿ ಹುಳು ಬಾಯಿ ಕಟ್ಟಿ ಮಲಗಿರುತ್ತದೆ. ಆಗ ಸುಣ್ಣದ ಪುಡಿ ಎರಚಿ ಬಾಗಿಲು ಮುಚ್ಚಿ ಸುಮ್ಮನಿರಬೇಕು. ಒಂದೆಲೆ ಹಾಕಿದರೂ ಕೆಟ್ಟಿತು. ಸೋಮವಾರ ಮಧ್ಯಾಹ್ನ ಎದ್ದ ಹುಳು ಭಾನುವಾರ ಸಂಜೆ ಜ್ವರದಲ್ಲೇ ಇರಬೇಕು. ಶಿಡ್ಲಘಟ್ಟ ತಾಲ್ಲೂಕಿನ ಸಣ್ಣ ಮಗುವಿಗೂ ಗೊತ್ತಿರುವ ಮಾತಿದು. ಚೆನ್ನರಾಯಪ್ಪನಿಗೆ ಮಾತ್ರ ನೆನಪಿರಲಿಲ್ಲ. ಇರುವುದಾದರೂ ಹೇಗೆ? ಹುಳು ಸಾಕುವವಳು ಅವಳು, ಗೂಡು ಮಾರಿ ಮೀಸೆ ತಿರುವುವವನು ಇವನು! ಹುಳುಮನೆಗೆ ಇವನು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ.

“ಈಗ ಹೇಳಿ ಮಾವ,” ಎಂದಳು ಕವಿತ. ಆ ಮಾವ ಎಂಬ ಮಾತು ಚಾಟಿಯ ಏಟಿನಂತೆ ಬಿತ್ತು. “ಭಾನುವಾರ ಸಂಜೆ ಎಲ್ಲಿದ್ರಿ?”

ಚೆನ್ನರಾಯಪ್ಪನ ಕೈ ಗೋಡೆಯತ್ತ ಹೋಯಿತು. ಸೊಪ್ಪು ಕೊಯ್ಯುವ ಕುಡುಗೋಲು ಅಲ್ಲಿ ತೂಗಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದನ್ನೆಳೆದು ತನ್ನ ಕತ್ತಿಗೇ ಹಿಡಿದುಕೊಂಡ.

“ಹತ್ರ ಬರಬ್ಯಾಡ! ಜೈಲಿಗೋಗಿ ಊರ ಮುಂದೆ ತಲೆ ತಗ್ಸೋದಕ್ಕಿಂತ ಇಲ್ಲೇ ಸಾಯ್ತೀನಿ!”

“ರೀ!” ಆಂಜಿನಮ್ಮ ಕಿಟಾರನೆ ಕಿರುಚಿದಳು. “ಮನೆ ಮುಳುಗಿಸ್ಬ್ಯಾಡ್ರಿ! ಯಾರಾದ್ರೂ ಬರ್ರಪ್ಪೋ!”

ಆ ಕೂಗಿಗೆ ಕೋನಪ್ಪ ಹೊರಗಿನಿಂದ ಓಡಿ ಬಂದ. ಬೂಟುಗಾಲಿನಲ್ಲೇ ನುಗ್ಗಿ ಹಿಂದಿನಿಂದ ಚೆನ್ನರಾಯಪ್ಪನ ಮಣಿಕಟ್ಟು ತಿರುಚಿದ. ಕುಡುಗೋಲು ಠಣ್ಣನೆ ನೆಲಕ್ಕೆ ಬಿತ್ತು. ಬಿಳಿ ಶರ್ಟಿನ ಕಾಲರಿನ ಮೇಲೆ ತೆಳ್ಳಗೆ ರಕ್ತದ ಗೆರೆ ಮೂಡಿತ್ತು. ಆಸಾಮಿ ಕುಸಿದು ಕೂತು ಮಗುವಿನ ಹಾಗೆ ಅಳತೊಡಗಿದ.

“ಟ್ಯಾಂಕರ್ ಬಿಡಿಸಿದ್ದು ನಾನೇ. ಒಪ್ಕೊಂತೀನಿ. ಆ ಹುಡುಗನ್ನ ಮುಟ್ಟಿಲ್ಲ ಕಣಮ್ಮ, ಮನೆ ದೇವರಾಣೆಗೂ ಮುಟ್ಟಿಲ್ಲ.”

“ಯಾರು ಮುಟ್ಟಿದ್ದು ಮತ್ತೆ?”

“ಟ್ಯಾಂಕರ್ ಖಾಲಿ ಮಾಡಿ ಹೋಯ್ತು. ಗೇಟಿಗೆ ಬೀಗ ಹಾಕಣ ಅಂತ ನಾನು ಹೋದೆ. ಬಾವಿ ಕಟ್ಟೆ ಮೇಲೆ ಇಬ್ರೂ ಜಗಳ ಆಡ್ತಿದ್ರು. ನಿನ್ನ ನಂಬಿದ್ದೆನಲ್ಲ, ನೀನೇ ಹೀಗೆ ಮಾಡೋದಾ ಅಂತ ಆ ಹುಡುಗ ಅಳ್ತಿದ್ದ. ತಿರುಗಿ ಹೊರಟ. ಅವಳು ಹಿಂದಿನಿಂದ... ಒಂದೇ ಸಲ ತಳ್ಳಿದ್ಲು. ತಲೆ ರಿಂಗಿಗೆ ಬಡೀತು. ಬಾವಿ ತುಂಬ ಆ ನೀರೇ ಇತ್ತು.”

ಕವಿತ ಅವನೆದುರು ಬಗ್ಗಿದಳು. “ಅವಳಾ? ಹೆಂಗ್ಸಾ?”

“ನೀರು ಇಂಜಿನಿಯರಮ್ಮ. ಕಾರ್ಖಾನೆಯೋರನ್ನ ನಂಗೆ ಗೊತ್ತು ಮಾಡ್ಸಿದ್ದೇ ಅವಳು. ಕೆಳಕ್ಕೆ ಬಿಟ್ರೆ ಏನೂ ಆಗಲ್ಲ, ನಾನು ಓದಿದೋಳು ಹೇಳ್ತೀನಿ ಅಂದಿದ್ದೂ ಅವಳೇ. ಬಾಯಿ ಬಿಟ್ರೆ ಟ್ಯಾಂಕರ್ ವಿಷ್ಯ ನಿನ್ನ ಕೊರಳಿಗೇ ಬರೋದು ಅಂದ್ಲು. ಹೆದರಿ ಸುಮ್ನಾಗ್ಬಿಟ್ಟೆ.”

“ಹೆ... ಹೆಸರೇನು ಅವಳದು?”

ಅವನು ಹೇಳುವ ಮೊದಲೇ ಆಂಜಿನಮ್ಮ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

“ಯಾರ್ರೀ, ಆ ಸೆಂಟಿನೋಳಾ? ಯುಗಾದಿ ಆದ್ಮೇಲೆ ಕಾರಲ್ಲಿ ಬಂದಿದ್ಲಲ್ಲ, ಹುಳ ನೋಡ್ಬೇಕು ಅಂತ ಘಮ್ಮಂತ ಒಳಕ್ಕೇ ನುಗ್ತಿದ್ಲು. ನಾನೇ ಬಾಗ್ಲಲ್ಲಿ ಅಡ್ಡ ನಿಂತು ಬೈದೆ ಕಣಮ್ಮ. ಸೆಂಟು ಹಾಕ್ಕೊಂಡು ಹುಳುಮನೆಗೆ ಬರಬಾರ್ದು, ಹುಳಕ್ಕಾಗಲ್ಲ, ಅಷ್ಟೂ ಗೊತ್ತಿಲ್ವಾ ಅಂತ. ಮಂಗ್ಳೂರೋಳು, ನಂಗೇನು ಗೊತ್ತು ಅಂತ ನಕ್ಕಿದ್ಲು.”

ಜೀಪಿನ ಪಕ್ಕದಲ್ಲಿ ಕೇಳಿದ ಮಾತು ಕವಿತಳಿಗೆ ಈಗ ನೆನಪಾಯಿತು.

ಸೆಂಟ್ ಹಾಕಿದ್ದೇನೆ ನೋಡಿ, ಹುಳುಗಳಿಗೆ ಆಗುವುದಿಲ್ಲವಲ್ಲ.

ಈ ಕಡೆ ಬಂದದ್ದೇ ಮೊದಲ ಸಲ ಎಂದವಳು! ಕಡಲ ತೀರದಲ್ಲಿ ಬೆಳೆದವಳಿಗೆ ಹುಳುಮನೆಯ ಮಡಿ ಯಾರು ಹೇಳಿಕೊಟ್ಟರು? ಆಂಜಿನಮ್ಮ ಗುರುತು ಹಿಡಿಯುತ್ತಾಳೆಂದೇ ಒಳಗೆ ಬಂದಿರಲಿಲ್ಲ. ತನಗೆ ಹುಟ್ಟಿನಿಂದ ಗೊತ್ತಿದ್ದ ಮಾತೆಂದು ಕವಿತಳ ಕಿವಿಗೆ ಅದು ತಟ್ಟಲೇ ಇಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಕೊಲೆಗಾತಿಯನ್ನು ಬೆಳಿಗ್ಗೆಯಿಂದ ತನ್ನ ಜೀಪಿನಲ್ಲೇ ಕೂರಿಸಿಕೊಂಡು ತಿರುಗಿದ್ದಳು. ಉಪ್ಪಿನ ಹಕ್ಕಳೆ ತೋರಿಸಿ, ಗಾಡಿದಾರಿ ತೋರಿಸಿ, ಈ ಮುದುಕನತ್ತ ಬೆರಳು ಮಾಡಿದ್ದೂ ಅವಳೇ. ಉಪ್ಪು ಹೇಗೂ ಪತ್ತೆಯಾಗಿತ್ತು, ಕೊಲೆಯೂ ಅವನ ತಲೆಗೇ ಬರಲಿ ಎಂದು.

“ಕೋನಪ್ಪನವರೆ,” ಅವಳ ದನಿ ಅವಳಿಗೇ ಕೇಳಿಸಲಿಲ್ಲ. “ಜೀಪಿನ ಕೀ ಎಲ್ಲಿ?”

ಕೋನಪ್ಪ ಪ್ಯಾಂಟಿನ ಜೇಬು ಮುಟ್ಟಿ ನೋಡಿದ. ಅವನ ಮುಖದ ರಕ್ತ ಇಂಗಿಹೋಯಿತು.

“ಗಾಡೀಲೇ... ಆಯಮ್ಮ ಕೂಗಿದ್ಲು ಅಂತ ಹಂಗೇ ಓಡಿ ಬಂದೆ ಮೇಡಂ.”

ಅಷ್ಟರಲ್ಲಿ ಹೊರಗೆ ಇಂಜಿನ್ ಗುರ್ರೆಂದಿತು.

ಕವಿತ ಬರಿಗಾಲಿನಲ್ಲೇ ಓಡಿದಳು. ಹಿತ್ತಲು ದಾಟಿ, ಜಗಲಿ ದಾಟಿ ಅಂಗಳಕ್ಕೆ ಬರುವಷ್ಟರಲ್ಲಿ ಜೀಪು ಆಗಲೇ ತಿರುಗಿತ್ತು. ಸೆಂಟಿನ ಘಮ ಇನ್ನೂ ಅಲ್ಲೇ ಇತ್ತು.

“ಮಹತೀ! ನಿಲ್ಸು!”

ಜೀಪು ನಿಲ್ಲಲಿಲ್ಲ. ಶಿಡ್ಲಘಟ್ಟದ ರಸ್ತೆಗೂ ತಿರುಗಲಿಲ್ಲ. ಏರಿ ಹತ್ತಿ, ತುಂಬಿದ ಕೆರೆಯ ಕಡೆಗೆ ಮೂತಿ ಮಾಡಿತು. ಚಾಲಕಿಯ ಬದಿಯ ಬಾಗಿಲು ಓಡುತ್ತಲೇ ತೆರೆದುಕೊಂಡಿತು. ಹಿಂದಿನಿಂದ ಮುನೇಶ ಗಂಟಲು ಹರಿಯುವಂತೆ ಕೂಗುತ್ತಿದ್ದ.

“ಮೇಡಂ! ಬೇಡಿ ಬಿಚ್ಚಿ ಮೇಡಂ! ಬೇಡಿ!”

ಮುಳುಗುವವನನ್ನು ಬಿಟ್ಟು ಪೊಲೀಸರು ತನ್ನ ಹಿಂದೆ ಬರಲಾರರು ಎಂಬ ಲೆಕ್ಕದಲ್ಲಿ ಮಹತಿ ಏರಿಯ ಮೇಲೆ ನೆಗೆದು ಉರುಳಿದಳು. ಜೀಪು ಒಬ್ಬಂಟಿಯಾಗಿ ಕೆಂಪು ನೀರಿನೊಳಗೆ ಮುಗ್ಗರಿಸಿತು.

ಏರಿಯತ್ತ ಓಡುತ್ತಿದ್ದ ಕವಿತಳ ಜೇಬಿನಲ್ಲಿ ಬೇಡಿಯ ಬೀಗದ ಕೈ ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು.